ಮನೆಯ ಚಾವಣಿಗೆ ಮರದ ಮಾಡೋ, ಯುಪಿವಿಸಿ ಹಂಚಿನ ಶೀಟೋ? ಎರಡನ್ನೂ ಹಾಕಿಸಿ ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಸಾಲಿಗ್ರಾಮದ ಹತ್ತಿರ. ಸಮುದ್ರ ದೂರ ಏನಿಲ್ಲ, ರಾತ್ರಿ ಪಡುಗಾಳಿ ಬೀಸಿದರೆ ಅಲೆಯ ಸದ್ದು ಜಗಲಿಗೆ ಕೇಳುತ್ತದೆ. ಅಜ್ಜಯ್ಯ ಕಟ್ಟಿಸಿದ ಮನೆ, ಕೆಂಪುಕಲ್ಲಿನ ಗೋಡೆ, ಮರದ ಪಕ್ಕಾಸು, ಮೇಲೆ ಮಂಗಳೂರು ಹಂಚು. 2022ರ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ದಿನಾ ಬೆಳಿಗ್ಗೆ ಮಂಚದ ಮೇಲಿಂದ ಹಳದಿ ಹಿಟ್ಟಿನಂಥ ಪುಡಿ ಗುಡಿಸುತ್ತಿದ್ದರು. ಏಣಿ ಹತ್ತಿ ನೋಡಿದರೆ ಪಕ್ಕಾಸಿಗೆ ಕುಟ್ಟೆ (ಮರ ಕೊರೆಯುವ ಹುಳು) ಹಿಡಿದಿದೆ. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿತ್ತು, ಕೀಲಿಕೈಯ ತುದಿಯಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು. ಮಾಡು ಪೂರ್ತಿ ಬಿಚ್ಚಲೇಬೇಕು ಅಂತ ಅವತ್ತೇ ಗೊತ್ತಾಯಿತು.

ಆಮೇಲೆ ನಾಲ್ಕು ತಿಂಗಳು ಇದೇ ಚರ್ಚೆ. ಮತ್ತೆ ಮರವಾ, ಅಥವಾ ಈಗ ಎಲ್ಲ ಕಡೆ ಬಂದಿರುವ ಹಂಚಿನ ಆಕಾರದ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಶೀಟಾ? ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ "ಶೀಟ್ ಹಾಕಿಸು, ತಲೆಬಿಸಿ ಇಲ್ಲ" ಅನ್ನುತ್ತಿದ್ದ. ಅಮ್ಮನಿಗೆ ಹಂಚೇ ಬೇಕು. ಕೊನೆಗೆ ದುಡ್ಡು ನೋಡಿಕೊಂಡು ಒಂದು ತೀರ್ಮಾನಕ್ಕೆ ಬಂದೆವು: ನಾವು ಮಲಗುವ, ಕೂರುವ ಮುಂದಿನ ಭಾಗಕ್ಕೆ ಮರ ಮತ್ತು ಹಂಚು, ಹಿಂದಿನ ಬಚ್ಚಲು, ಕಟ್ಟಿಗೆ ಕೊಟ್ಟಿಗೆ, ಪಾತ್ರೆ ತೊಳೆಯುವ ಜಾಗಕ್ಕೆ ಕಬ್ಬಿಣದ ಪೈಪಿನ ಮೇಲೆ ಯುಪಿವಿಸಿ ಶೀಟು. 2023ರ ಏಪ್ರಿಲಿನಲ್ಲಿ ಎರಡೂ ಮುಗಿಯಿತು. ಹಾಗಾಗಿ ಒಂದೇ ಅಂಗಳದಲ್ಲಿ, ಒಂದೇ ಮಳೆ ಬಿಸಿಲಿಗೆ, ಎರಡನ್ನೂ ಅಕ್ಕಪಕ್ಕ ನೋಡುವ ಅವಕಾಶ ನನಗೆ ಸಿಕ್ಕಿದೆ. ಮಾಡು ಬದಲಾಯಿಸಲು ಹೊರಟವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಮರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಹಿತ್ತಿಲಿನ ದೊಡ್ಡ ಹಲಸಿನ ಮರ ಬುಡಸಮೇತ ಬಿದ್ದಿತ್ತು. ಆಗ ಅಮ್ಮ ಒಂದು ವಾರ ಆ ಕಡೆ ಮುಖ ಹಾಕಿರಲಿಲ್ಲ. ಅದನ್ನೇ ಕೊಯ್ಯಿಸಿ, ನಡುವೆ ರೀಪಿನ ತುಂಡು ಕೊಟ್ಟು, ಗಾಳಿ ಆಡುವ ಹಾಗೆ ಅಟ್ಟಿ ಹಾಕಿ ಇಟ್ಟಿದ್ದೆವು. ಸುಮಾರು ಎರಡು ವರ್ಷ ನೆರಳಲ್ಲಿ ಒಣಗಿದ ಮರ ಅದು. ಸಾಲದ್ದಕ್ಕೆ ಮಿಲ್ಲಿನಿಂದ ಸ್ವಲ್ಪ ಬೋಗಿ ಮರ ತಂದೆವು. ಮರದ ಕೆಲಸದ ಆಚಾರ್ರು ಮಿಲ್ಲಿನ ರಾಶಿಯಲ್ಲಿ ಅರ್ಧಕ್ಕರ್ಧ ತೆಗೆದು ಪಕ್ಕಕ್ಕಿಟ್ಟರು. "ಹಸಿ ಮರ ಮಾಡಿಗೆ ಹಾಕ್ಬೇಡಿ ಮಾರಾಯ್ರೆ, ಒಂದು ಮಳೆಗಾಲದಲ್ಲಿ ತಿರುಚಿಕೊಳ್ತದೆ, ಆಮೇಲೆ ಹಂಚು ಕೂರುದಿಲ್ಲ" ಅಂದರು. ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಇರುವ ತುಂಡು ಮಾತ್ರ ಬೇಕು, ಹೊರಗಿನ ಬಿಳಿ ಭಾಗ ಸ್ವಲ್ಪವೂ ಬೇಡ ಅಂತ ಹಠ ಹಿಡಿದರು. ಹುಳು ಮೊದಲು ತಿನ್ನುವುದು ಆ ಬಿಳಿ ಭಾಗವನ್ನೇ. ಅಜ್ಜಯ್ಯನ ಕಾಲದ ಪಕ್ಕಾಸಿನಲ್ಲೂ ಕುಟ್ಟೆ ಶುರುವಾಗಿದ್ದು ಬಿಳಿ ಅಂಚಿನಿಂದ ಅಂತ ಕೊಯ್ದು ತೋರಿಸಿದರು.

ಹಾಗಾದರೆ ಆ ಮರ ಅಷ್ಟು ವರ್ಷ ಹೇಗೆ ಬಾಳಿತು? ಹೊಗೆ. ಮೊದಲು ಕಟ್ಟಿಗೆ ಒಲೆ ಇತ್ತು, ದಿನವಿಡೀ ಹೊಗೆ ಅಟ್ಟಕ್ಕೆ ಹೋಗಿ ಪಕ್ಕಾಸೆಲ್ಲ ಕಪ್ಪಾಗಿ ಮಿರಿಮಿರಿ ಮಿಂಚುತ್ತಿತ್ತು, ಹುಳು ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಯಿತು. ನಾವು ಅದರ ಬದಲಿಗೆ ಏನೂ ಮಾಡಲಿಲ್ಲ. ಇದನ್ನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಮರ ಹಾಳಾಯಿತು ಅಂತ ಬೇಜಾರಾಗಿ ಶೀಟಿಗೆ ಹೋಗುವ ಮನೆಗಳಲ್ಲಿ ಬಹಳಷ್ಟು ಕಡೆ ನಡೆದದ್ದು ಇದೇ.

ಈ ಸಲ ಪಕ್ಕಾಸು, ರೀಪು ಎಲ್ಲದಕ್ಕೂ ಗೇರೆಣ್ಣೆ ಬಳಿಸಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ, ನಮ್ಮಲ್ಲಿ ದೋಣಿಗೂ ಬಳಿಯುತ್ತಾರೆ. ಒರಲೆಗೂ ಕುಟ್ಟೆಗೂ ಒಳ್ಳೆಯದು. ಆದರೆ ಕೈಗೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಲೇಬೇಡಿ. ನಮ್ಮ ಹುಡುಗನೊಬ್ಬ ಬೆವರು ಒರೆಸಿಕೊಳ್ಳಲು ಹೋಗಿ ಹಣೆಗೆ ತಾಗಿಸಿಕೊಂಡ, ವಾರ ಬೇಕಾಯಿತು ಗುಣವಾಗಲು. ಬಣ್ಣವೂ ಕಪ್ಪು, ತಿಳಿ ಬಣ್ಣದ ಮರದ ಅಂದ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ.

ಹಂಚು ಮಾತ್ರ ಹೊಸದು ತಂದಿಲ್ಲ. ಹಳೆಯದನ್ನೇ ಇಳಿಸಿ, ಹಾವಸೆ ಕೆರೆದು, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದೆವು. ಚೆನ್ನಾಗಿ ಬೆಂದ ಹಂಚು ಕಂಚಿನ ಹಾಗೆ ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ. ಕೆಲವದರ ಬೆನ್ನ ಮೇಲೆ ಬಾಸೆಲ್ ಮಿಷನ್ ಅಂತ ಇಂಗ್ಲಿಷಿನಲ್ಲಿ ಅಚ್ಚು ಇತ್ತು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ತಾನೇ ಈ ಕರಾವಳಿಯ ಹುಲ್ಲಿನ ಮಾಡುಗಳೆಲ್ಲ ಕೆಂಪಾದದ್ದು. ಅಂಥ ಹಂಚನ್ನು ಈಗಲೂ ಹಾಗೇ ಎತ್ತಿ ಇಡಬಹುದು ಅನ್ನುವುದು ನನಗೆ ದೊಡ್ಡ ಸಂತೋಷದ ವಿಷಯ. ಕಮ್ಮಿ ಬಿದ್ದದ್ದನ್ನು ಪಕ್ಕದ ಊರಲ್ಲಿ ಕೆಡವಿದ ಮನೆಯಿಂದ ತಂದೆವು. ಎಂಬತ್ತು ಹಂಚು ಜಾಸ್ತಿ ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟೆವು.

ಇನ್ನು ಶೀಟು. ನ್ಯಾಯವಾಗಿ ಹೇಳಬೇಕು, ಮೊದಲ ವರ್ಷ ನನಗೆ ಶೀಟೇ ಇಷ್ಟವಾಗಿತ್ತು. ಮರದ ಕೆಲಸಕ್ಕೆ ಐದು ವಾರ ಹಿಡಿದರೆ ಶೀಟಿನವರು ಎರಡೇ ದಿನದಲ್ಲಿ ಮುಗಿಸಿ ಹೋದರು. ಖರ್ಚು ಮರದ ಅರ್ಧಕ್ಕಿಂತಲೂ ಕಮ್ಮಿ. ತಗಡಿನ ಹಾಗೆ ಮಳೆಗೆ ಕಿವಿ ಒಡೆಯುವ ಸದ್ದಿಲ್ಲ, ತುಕ್ಕು ಇಲ್ಲ, ಹಾವಸೆ ಕೆರೆಯುವ ಕೆಲಸ ಇಲ್ಲ, ಒಂದು ಹನಿ ಸೋರಲಿಲ್ಲ. ಹಗುರವಂತೂ ಎಷ್ಟೆಂದರೆ, ನೂರು ಚದರ ಅಡಿಗೆ ಹಂಚಾದರೆ ಸುಮಾರು 150 ಬೇಕು, ಒಂದೊಂದು ಎರಡರಿಂದ ಮೂರು ಕಿಲೋ, ಅಂದರೆ ಮೂರೂವರೆ ಕ್ವಿಂಟಲ್ ಆಸುಪಾಸು. ಅಷ್ಟೇ ಜಾಗಕ್ಕೆ ಈ ಶೀಟು ಐವತ್ತು ಕಿಲೋ ಆಚೀಚೆ.

ಆದರೆ ಹಗುರ ಅನ್ನುವುದೇ ಗಾಳಿಗೆ ತೊಂದರೆ. ಹಂಚು ತನ್ನ ಭಾರದಲ್ಲೇ ಕೂರುತ್ತದೆ, ಶೀಟು ಪೂರ್ತಿ ಸ್ಕ್ರೂ ನಂಬಿಕೊಂಡಿರುತ್ತದೆ. ನಮ್ಮಲ್ಲಿ ಸ್ಕ್ರೂವಿನಲ್ಲೇ ತಪ್ಪಾಯಿತು. ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಹತ್ತು ಅಡಿಯ ಶೀಟು ಬೇಸಿಗೆಯ ಮಧ್ಯಾಹ್ನಕ್ಕೂ ಮಳೆಗಾಲದ ಬೆಳಗಿನ ಜಾವಕ್ಕೂ ಐದಾರು ಮಿಲಿಮೀಟರ್ ವ್ಯತ್ಯಾಸ ಆಗುತ್ತದೆ. ಅದಕ್ಕೆ ತೂತು ಸ್ಕ್ರೂಗಿಂತ ದೊಡ್ಡದಾಗಿ ಕೊರೆದು, ಮೇಲೆ ಅಗಲ ವಾಷರ್ ಹಾಕಿ, ತೀರಾ ಬಿಗಿಯದೆ ಬಿಡಬೇಕು. ನಮಗೆ ಹಾಕಿದವರು ತಗಡಿಗೆ ಹೊಡೆಯುವ ಹಾಗೆ ನೇರ ಡ್ರಿಲ್ಲಿನಲ್ಲಿ ಬಿಗಿದುಬಿಟ್ಟರು. ಎರಡನೇ ಬೇಸಿಗೆಯಲ್ಲಿ ಸ್ಕ್ರೂವಿನ ಸುತ್ತ ಕೂದಲೆಳೆಯಂಥ ಗೆರೆಗಳು ಕಂಡವು. ನಾನು ದಿನಾ ಅದರ ಕೆಳಗೆ ಓಡಾಡುತ್ತಿದ್ದೆ, ಆದರೂ ಅಷ್ಟಾಗಿ ಗಮನ ಕೊಡಲಿಲ್ಲ.

2024ರ ಜುಲೈಯಲ್ಲಿ ಒಂದು ರಾತ್ರಿ ಗಾಳಿಮಳೆಗೆ ತೆಂಗಿನಕಾಯಿ ಬಿದ್ದವು. ಒಂದು ಮುಂದಿನ ಹಂಚಿನ ಮೇಲೆ, ಒಂದು ಹಿಂದಿನ ಶೀಟಿನ ಮೇಲೆ. ಮುಂದೆ ಎರಡು ಹಂಚು ಒಡೆದು ಜಗಲಿಗೆ ನೀರು ಸುರಿಯಿತು. ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಏಣಿ ಹತ್ತಿ, ಗೋಡೆಗೆ ಒರಗಿಸಿದ್ದ ರಾಶಿಯಿಂದ ಎರಡು ಹಂಚು ತೆಗೆದುಕೊಂಡು, ಹತ್ತು ನಿಮಿಷದಲ್ಲಿ ಸರಿಮಾಡಿ ಚಹಾ ಕುಡಿದು ಹೋದ. ಹಿಂದೆ ಕಾಯಿ ಪುಟಿದು ಕೆಳಗೆ ಬಿತ್ತು, ಏನೂ ಆಗಿಲ್ಲ ಅಂತ ಖುಷಿಪಟ್ಟೆವು. ನಾಲ್ಕು ದಿನ ಬಿಟ್ಟು ನೋಡಿದರೆ ಸ್ಕ್ರೂವಿನಿಂದ ಸ್ಕ್ರೂವಿಗೆ ಉದ್ದಕ್ಕೆ ಸೀಳಿದೆ. ಅಂಗಡಿಗೆ ಫೋನ್ ಮಾಡಿದರೆ ಆ ಅಚ್ಚಿನ ಶೀಟು ಈಗ ಬರುವುದಿಲ್ಲ, ಹೊಸದರ ಉಬ್ಬು ತಗ್ಗು ಬೇರೆ, ಒಂದರ ಮೇಲೊಂದು ಕೂರುವುದಿಲ್ಲ ಅಂದರು. ವಾರಂಟಿ ಕಾಗದ ತೆಗೆದು ಓದಿದೆ. ಬಣ್ಣಕ್ಕೆ ಮಾತ್ರ ವಾರಂಟಿ, ಒಡೆದದ್ದಕ್ಕೂ ಕೂಲಿಗೂ ಇಲ್ಲ. ಒಂದು ಶೀಟಿಗಾಗಿ ಆ ಕಡೆಯ ಇಳಿಜಾರಿನ ಒಂಬತ್ತು ಶೀಟನ್ನೂ ಬದಲಾಯಿಸಬೇಕಾಯಿತು. ಸಿಟ್ಟಿಗಿಂತ ಜಾಸ್ತಿ ದುಃಖ ಆದದ್ದು ಆ ಎಂಟು ಚೆನ್ನಾಗಿದ್ದ ಶೀಟುಗಳನ್ನು ಅಂಗಳದಲ್ಲಿ ರಾಶಿ ಹಾಕಿದಾಗ. ಕಟ್ಟಿಗೆಯಾದರೆ ಒಲೆಗೆ ಆಗುತ್ತಿತ್ತು. ಇದನ್ನು ಸುಡಲೂ ಬಾರದು, ಪಿವಿಸಿ ಸುಟ್ಟರೆ ವಿಷದ ಹೊಗೆ.

ಮರದ ಕಡೆಗೂ ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಏಣಿ ಹತ್ತಲೇಬೇಕು. ಮಂಗ ಬಂದರೆ ಹಂಚು ಜಾರಿಸುತ್ತದೆ. ಇಳಿಜಾರು ಚೆನ್ನಾಗಿ ಇಲ್ಲದಿದ್ದರೆ ಹಂಚಿನ ಮಾಡು ಸೋರಿಯೇ ಸೋರುತ್ತದೆ. ಆದರೆ ಏಪ್ರಿಲಿನ ಮಧ್ಯಾಹ್ನ ಊಟ ಮಾಡಿ ಮುಂದಿನ ಕೋಣೆಯಲ್ಲಿ ಮಲಗಿ, ಆಮೇಲೆ ಹಿಂದೆ ಪಾತ್ರೆ ತೊಳೆಯುವಲ್ಲಿಗೆ ಹೋದರೆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಶೀಟಿನ ಕೆಳಗೆ ಹೋಗಲು ದಾರಿಯಿಲ್ಲ. ಶೀಟು ಹಾಕಿಸುವವರು ಮೇಲಿನ ಗೋಡೆಯಲ್ಲಿ ಗಾಳಿ ಹೋಗುವ ಜಾಲಿ ಬಿಡಿಸಲೇಬೇಕು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜನ ಮಲಗುವ ಮನೆಗೆ, ಒಣಗಿದ ಮರ ಸಿಗುತ್ತದಾದರೆ, ಮರ ಹಂಚು ಹಾಕಿಸಿ. ಇಡೀ ಮಾಡು ಬಿಚ್ಚದೆ ಒಂದು ತುಂಡು ಬದಲಾಯಿಸಬಹುದು, ಅದನ್ನು ಬದಲಾಯಿಸುವವರು ಊರಲ್ಲೇ ಇದ್ದಾರೆ, ನನಗೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇಲ್ಲ. ಒಣಗಿದ ಮರ ಸಿಗದೆ ಅವಸರಕ್ಕೆ ಹಸಿ ಮರ ಹಾಕಿಸುವುದಾದರೆ ಅದಕ್ಕಿಂತ ಶೀಟೇ ಒಳ್ಳೆಯದು. ಟೆರೇಸಿನ ಮೇಲೆ, ಕೊಟ್ಟಿಗೆಗೆ, ಅಡಿಕೆ ಒಣಗಿಸುವಲ್ಲಿಗೆ ಶೀಟು ಧಾರಾಳ ಸಾಕು. ತರುವಾಗ ಕತ್ತರಿಸಿದ ತುಂಡೊಂದು ಕೇಳಿ ಅದರ ಅಂಚು ನೋಡಿ, ಮೇಲಿನ ಬಣ್ಣದ ಪದರ ಬೇರೆಯಾಗಿ, ದಪ್ಪವಾಗಿ ಕಾಣಬೇಕು. ಸ್ಕ್ರೂ ಸ್ಟೇನ್‌ಲೆಸ್ ಇರಲಿ, ಸಮುದ್ರದ ಹತ್ತಿರದವರು ಉಪ್ಪುಗಾಳಿಗೆ ತುಕ್ಕು ಇನ್ನೂ ಚೆನ್ನಾಗಿ ತಡೆಯುವ 316 ದರ್ಜೆಯದನ್ನೇ ಕೇಳಿ. ಶೀಟಿಗೆ ತುಕ್ಕಿಲ್ಲ ನಿಜ, ಕೆಳಗಿನ ಪೈಪಿಗೆ ಇದೆ ಅಲ್ವಾ? ನಮ್ಮಲ್ಲಿ ವೆಲ್ಡಿಂಗ್ ಮಾಡಿದ ಜಾಗಗಳಲ್ಲಿ ಮೂರನೇ ವರ್ಷಕ್ಕೇ ಕಂದು ನೀರು ಇಳಿಯಲು ಶುರುವಾಗಿದೆ.

ಹಿಂದಿನ ಭಾಗಕ್ಕೂ ಹಂಚು ಹಾಕಿಬಿಡುವ ಅಂತ ಅಮ್ಮ ಹೇಳಿದರು. ಆಚಾರ್ರು ಪೈಪ್ ತಟ್ಟಿ ನೋಡಿ ಬೇಡ ಅಂದರು, ಶೀಟಿನ ಲೆಕ್ಕಕ್ಕೆ ಹಾಕಿದ ಪೈಪು ಹಂಚಿನ ಭಾರ ತಡೆಯುವುದಿಲ್ಲ. ಮುಂದೆ ಯಾವತ್ತಾದರೂ ಹಂಚಿಗೆ ಬದಲಾಯಿಸುವ ಆಸೆ ಇದ್ದರೆ ಪೈಪಿನ ದಪ್ಪ ಮೊದಲೇ ಯೋಚಿಸಿ. ಈಗ ಹಿಂದೆ ಮತ್ತೆ ಶೀಟೇ ಇದೆ, ಈ ಸಲ ತೂತು ದೊಡ್ಡದಾಗಿ ಕೊರೆಸಿದ್ದೇನೆ, ನಾನೇ ಪಕ್ಕದಲ್ಲಿ ನಿಂತು. ಅದೇ ಅಚ್ಚಿನ ಎರಡು ಶೀಟು ಜಾಸ್ತಿ ತಂದು ಕೊಟ್ಟಿಗೆಯಲ್ಲಿ, ಹಂಚಿನ ರಾಶಿಯ ಪಕ್ಕದಲ್ಲೇ ಇಟ್ಟಿದ್ದೇನೆ.