ನನ್ನ ಮತ ಮಿಲ್ಡ್ರೆಡ್‌ಗೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯಲ್ಲಿ ಗೆದ್ದದ್ದು ಜಿಲ್ ಮರ್ಫಿಯವರ ಮಕ್ಕಳ ಕಾದಂಬರಿ ‘ದ ವರ್ಸ್ಟ್ ವಿಚ್’; ಮಿಲ್ಡ್ರೆಡ್ ಅದರ ನಾಯಕಿ. ಡಯಾನಾ ವಿನ್ ಜೋನ್ಸ್ ಅವರ ‘ವಿಚ್ ವೀಕ್’ ಕಪಾಟಿನ ಮೇಲಿನ ಅರೆ ಸೇರಿದೆ. ಎರಡೂ ಇಂಗ್ಲೆಂಡಿನ ಲೇಖಕಿಯರವು. ಎರಡರಲ್ಲೂ ವಸತಿ ಶಾಲೆ, ಪೊರಕೆ ಸವಾರಿ. ಇಷ್ಟನ್ನೇ ನಂಬಿ ಅವೆನ್ಯೂ ರಸ್ತೆಯಲ್ಲಿ ‘ವಿಚ್ ವೀಕ್’ನ ಹಳೆಯ ಪ್ರತಿಯನ್ನು 80 ರೂಪಾಯಿಗೆ ಮೊದಲು ಕೊಂಡೆ. ಮಗಳಿಗೆ ಎಂಟು ವರ್ಷ. ರಾತ್ರಿ ಊಟವಾದ ಮೇಲೆ ಇಂಗ್ಲಿಷ್ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುವುದು ನಮ್ಮ ರೂಢಿ.

ಆರಂಭದಲ್ಲೇ ಎಡವಿದೆ. ಭೂಗೋಳದ ನೋಟ್‌ಪುಸ್ತಕಗಳನ್ನು ತಿದ್ದುತ್ತಿರುವ ಮೇಷ್ಟರಿಗೆ ಒಂದು ಚೀಟಿ ಸಿಗುತ್ತದೆ: ಈ ತರಗತಿಯಲ್ಲಿರುವ ಯಾರೋ ಒಬ್ಬರು ‘ವಿಚ್’. ಆ ಲೋಕದಲ್ಲಿ ಅದು ಸಾಬೀತಾದರೆ ಸುಟ್ಟೇ ಬಿಡುತ್ತಾರೆ. ಹುಡುಗನಿರಬಹುದು, ಹುಡುಗಿಯಿರಬಹುದು, ಯಾರು ಎಂಬುದರಲ್ಲೇ ಕಾದಂಬರಿಯ ಅರ್ಧ ಜೀವವಿದೆ. ನಾನೋ, ಸಲೀಸಾಗಿ ‘ಒಬ್ಬ ಮಾಟಗಾತಿ ಇದ್ದಾಳೆ’ ಎಂದುಬಿಟ್ಟೆ. “ಹಾಗಾದರೆ ಹುಡುಗಿಯೇ” ಎಂದು ಮಗಳು ತೀರ್ಪು ಕೊಟ್ಟಳು. ಗಂಡುಹುಡುಗರೆಲ್ಲ ಆ ಕ್ಷಣವೇ ಖುಲಾಸೆ! ಮುಂದೆ ಚಾರ್ಲ್ಸ್ ಮಾರ್ಗನ್ ಎಂಬ ಹುಡುಗನಿಗೂ ಆ ವಿದ್ಯೆ ಇದೆಯೆಂದು ತಿಳಿದಾಗ ಅವಳು ನನ್ನನ್ನು ಸುಳ್ಳುಗಾರನನ್ನು ನೋಡುವಂತೆ ನೋಡಿದಳು.

‘ಮಾಟ ಮಾಡುವವರು ಒಬ್ಬರಿದ್ದಾರೆ’ ಎಂದು ತಿದ್ದಿಕೊಂಡೆ. ಗುಟ್ಟು ಉಳಿಯಿತು, ಆದರೆ ಗೌರವವಾಚಕ ಬಂದು ಕುಳಿತಿತು. ಯಾರನ್ನು ಸುಡಿಸಬೇಕೆಂದಿದೆಯೋ ಅವರ ಬಗ್ಗೆ ಯಾರಾದರೂ ‘ಇದ್ದಾರೆ’ ಎಂದು ಮರ್ಯಾದೆ ಕೊಟ್ಟು ಚೀಟಿ ಬರೆಯುತ್ತಾರೆಯೇ? ‘ಮಾಟ ಮಾಡುವ ಮಗುವೊಂದಿದೆ’ ಎಂದು ನೋಡಿದೆ. ಚೀಟಿಯ ವಿಷವೆಲ್ಲ ಇಳಿದು ಜೋಗುಳದಂತೆ ಕೇಳಿಸಿತು. ಮೂರು ರಾತ್ರಿ ಇದರಲ್ಲೇ ಹೋಯಿತು. ನಾಲ್ಕನೆಯ ರಾತ್ರಿ ಪಕ್ಕದ ಕೋಣೆಯಿಂದ ಅಮ್ಮ, “ಮಲಗುವ ಹೊತ್ತಿನಲ್ಲಿ ಮಗುವಿನ ಕಿವಿಗೆ ಮಾಟ, ಸುಡುವುದು ಎಂದೆಲ್ಲ ಏನು ಹಾಕುತ್ತಿದ್ದೀಯೋ?” ಎಂದು ಗದರಿದಳು. ಅಮ್ಮನಿಗೆ ಗೊತ್ತಿರುವ ಮಾಟದಲ್ಲಿ ಪೊರಕೆ ಹಾರುವುದಿಲ್ಲ. ಹೊಸಿಲ ಬಳಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿರುತ್ತದೆ.

ಹಾಗೆಂದು ಪುಸ್ತಕ ಸಪ್ಪೆಯಲ್ಲ. ಮಕ್ಕಳ ದಿನಚರಿಯನ್ನು ಶಿಕ್ಷಕರು ಓದುತ್ತಾರೆಂದು ಚಾರ್ಲ್ಸ್ ಸಂಕೇತ ಭಾಷೆ ಕಟ್ಟಿಕೊಂಡಿದ್ದಾನೆ: ‘ಎದ್ದೆ’ ಎಂದು ಬರೆದರೆ ‘ಈ ಶಾಲೆ ಕಂಡರೆ ಆಗುವುದಿಲ್ಲ’ ಎಂದರ್ಥ. ನ್ಯಾನ್ ಎಂಬ ಹುಡುಗಿ ದೊಡ್ಡವರ ಮೇಜಿನಲ್ಲಿ ಕುಳಿತು, ಬಾಯಿ ಕಟ್ಟಲಾರದೆ, ಬಡಿಸಿದ್ದನ್ನೆಲ್ಲ ಹೇಸಿಗೆ ಹುಟ್ಟುವಂತೆ ವರ್ಣಿಸುತ್ತಾಳೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು; ಬೆಳಿಗ್ಗೆ ಉಪ್ಪಿಟ್ಟು ಮುಟ್ಟಲಿಲ್ಲ. ಕೊನೆಗೆ ಬರುವ ಕ್ರೆಸ್ಟೊಮಾನ್ಸಿ ಎಂಬ ಮಾಂತ್ರಿಕ ಯಾರೆಂಬುದು ಅದೇ ಸರಣಿಯ ಹಿಂದಿನ ಪುಸ್ತಕಗಳನ್ನು ಓದಿದವರಿಗೆ ಬೇಗ ಹಿಡಿಯುತ್ತದೆ. ನಾವು ಓದಿರಲಿಲ್ಲ.

1974ರಲ್ಲಿ ಬಂದ ‘ದ ವರ್ಸ್ಟ್ ವಿಚ್’ನಲ್ಲಿ ಈ ತಲೆನೋವೇ ಇಲ್ಲ. ಮಿಸ್ ಕ್ಯಾಕಲ್ ಅವರದು ಹುಡುಗಿಯರ ಶಾಲೆ, ಮಂತ್ರವೇ ಅಲ್ಲಿನ ಪಾಠ. ‘ಮಂತ್ರಗಾತಿ’ ಎಂದೆ, ಪಕ್ಕದ ಕೋಣೆಯಿಂದ ಸದ್ದಿಲ್ಲ. ಎಲ್ಲರಿಗೂ ಕಪ್ಪು ಬೆಕ್ಕಿನಮರಿ ಸಿಕ್ಕರೆ ಮಿಲ್ಡ್ರೆಡ್‌ಗೆ ಉಳಿದದ್ದು ಪಟ್ಟೆಯದು. ನಗೆಯ ಕಷಾಯ ಕುದಿಸಲು ಹೋಗಿ ಅದೃಶ್ಯವಾಗುವ ಕಷಾಯ ಮಾಡುತ್ತಾಳೆ. ಜಂಬದ ಎಥೆಲ್‌ಳನ್ನು ಹಂದಿ ಮಾಡಿದ ರಾತ್ರಿ ಆ ಭಾಗವನ್ನು ಎರಡು ಸಲ ಹೇಳಬೇಕಾಯಿತು. ಚಿತ್ರಗಳೂ ಮರ್ಫಿಯವರವೇ, ಹಾಗಾಗಿ ಪುಟ ತಿರುಗಿಸುವ ಅಧಿಕಾರ ಮಗಳದು. ಕಥೆ ತೆಳು, ನಿಜ. ಒಂಬತ್ತೂವರೆಗೆ ಕಣ್ಣೆಳೆಯುವ ನನಗೆ ತೆಳುವೇ ಬೇಕು.

ಹೊಸ ಪ್ರತಿಗೆ 300 ರೂಪಾಯಿಯ ಆಸುಪಾಸು ಆಯಿತು. ಸರಣಿಯಲ್ಲಿ ಒಟ್ಟು ಎಂಟು ಪುಸ್ತಕಗಳಿವೆ. ತಿಂಗಳಿಗೊಂದರಂತೆ ಮಾತ್ರ ಎಂದು ಕರಾರು ಮಾಡಿಕೊಂಡಿದ್ದೇನೆ. ‘ವಿಚ್ ವೀಕ್’ ಅನ್ನು ಮಾರುವುದಿಲ್ಲ. ಹನ್ನೆರಡಾದಾಗ ಅವಳೇ ಇಂಗ್ಲಿಷಿನಲ್ಲಿ ಓದಿಕೊಳ್ಳಲಿ. ಆ ಚೀಟಿಗೆ ತಕ್ಕ ಕನ್ನಡ ನನಗಿನ್ನೂ ಸಿಕ್ಕಿಲ್ಲ.