ಗಾಳದ ಕಸ್ಟಮ್ ರಾಡ್ ಮಾಡಿಸುವವರು ಹಿಡಿಯ ಫೋಮ್ ನೋಡಿ ಮಾಡಿಸಿ ಮಾರಾಯ್ರೆ, ನಂಗೆ ಸರೀ ಟೋಪಿ ಹಾಕಿದ್ರು

ಗಾಳ ಹಾಕುವ ಮರ್ಲು ಇರುವವರೆಲ್ಲ ದಯವಿಟ್ಟು ಓದಿ, ಇನ್ನೂ ತಲೆ ಬಿಸಿ ಇಳಿದಿಲ್ಲ.

ಮಲ್ಪೆ ಬ್ರೇಕ್‌ವಾಟರ್ ಕಲ್ಲಿನ ಮೇಲೆ ನಿಂತು ಕೆಂಬೇರಿ ಮೀನಿಗೆ ಗಾಳ ಹಾಕ್ಲಿಕ್ಕೆ ಅಂತ ಹತ್ತು ಅಡಿಯ ರಾಡ್ ಮಾಡಿಸಿದ್ದು. ಬ್ಲಾಂಕ್ (ಅಂದ್ರೆ ಬರೀ ಕೋಲು) ನಂದೇ, ಒಳ್ಳೆ ಬ್ಲಾಂಕ್, ಗೈಡ್ (ನೂಲು ಹೋಗುವ ಬಳೆ) ಕಟ್ಟಿ ರೀಲ್ ಕೂರುವ ಸೀಟು, ಹಿಡಿ ಕೂರಿಸಿ ಕೊಡುದು ಮಾತ್ರ ರಾಡ್ ಕಟ್ಟುವವನ ಕೆಲಸ. ಬೆಂಗಳೂರಿನವ, ಮಾತೆಲ್ಲ ವಾಟ್ಸಾಪಲ್ಲಿ, ಅಡ್ವಾನ್ಸ್ ಜಿಪೇ. ಕಡಲಿಗೆ, ಉಪ್ಪು ನೀರಿಗೆ ಅಂತ ಮೊದಲನೇ ಮೆಸೇಜಲ್ಲೇ ಹೇಳಿದ್ದೇನೆ, ಹಿಡಿಗೆ ಗಟ್ಟಿ ಇವಿಎ ಫೋಮ್ ಹಾಕಿ ಅಂತಲೂ ಹೇಳಿದ್ದೇನೆ. ಅದಕ್ಕೆ ಅವ, "ಇವಿಎ ಎಲ್ಲ ಕಾಮನ್ ಸರ್, ನಿಮಗೆ ಒರಿಜಿನಲ್ ಹೈಪಲಾನ್ ಹಾಕ್ತೀನಿ, ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ." ಕೊಟ್ಟೆ.

ಒರಿಜಿನಲ್ ಅಂತೆ! ಹೈಪಲಾನ್ ಅನ್ನುದು ಡ್ಯುಪಾಂಟ್ ಕಂಪನಿ ಒಂದು ಜಾತಿ ರಬ್ಬರಿಗೆ ಇಟ್ಟ ಹೆಸರು, ಅವರು ಅದನ್ನು ಮಾಡುದು 2010ರಲ್ಲೇ ನಿಲ್ಲಿಸಿದ್ದಾರೆ. ಈಗ ಆ ಹೆಸರಲ್ಲಿ ಸಿಗುವ ಹಿಡಿ ಹೆಚ್ಚಿನದ್ದು ಬೇರೆ ರಬ್ಬರ್ ಫೋಮ್. ಅದೂ ಒಳ್ಳೇದು ಬರ್ತದೆ, ಇಲ್ಲ ಅಂತಲ್ಲ, ಆದ್ರೆ ಇವ ಹಾಕಿದ್ದು ಅದೂ ಅಲ್ಲ.

ಪಾರ್ಸೆಲ್ ಬಂದಾಗ ನೋಡ್ಲಿಕ್ಕೆ ಚಂದವೇ ಇತ್ತು, ಕಪ್ಪು, ಮೆತ್ತಗೆ, ಸ್ವಲ್ಪ ಜಾಸ್ತಿಯೇ ಮೆತ್ತಗೆ. ಉಗುರು ಒತ್ತಿದ್ರೆ ಗುರುತು ಹಾಗೇ ಉಳೀತಿತ್ತು. ಕೇಳಿದ್ದಕ್ಕೆ "ಸಾಫ್ಟ್ ಫೀಲ್ ಸರ್ ಅದು, ಹೊಸದಲ್ವಾ, ಸೆಟ್ ಆಗುತ್ತೆ." ಎಂತ ಸೆಟ್ ಆಗುದು, ಫೋಮ್ ಎಂತ ಸಿಮೆಂಟಾ?

ಕಲ್ಲಿನ ಮೇಲೆ ತೆರೆ ಹೊಡೆದು ರಾಡೆಲ್ಲ ಒದ್ದೆ, ಅಷ್ಟರಲ್ಲಿ ಮೀನು ಕಚ್ಚಿತು, ಎಳೆದೆ, ರೀಲಿನ ಮೇಲಿನ ಹಿಡಿ ಕೈಯಲ್ಲೇ ಗಿರ್ರಂತ ತಿರುಗ್ತಾ ಉಂಟು! ಮೀನು ಹೋಯ್ತು. ಪಕ್ಕದಲ್ಲಿ ಬರೀ ಕೈನೂಲಲ್ಲಿ ಹಿಡಿಯುವ ಅಜ್ಜ ಒಬ್ರು ನಗಾಡಿ "ಎಷ್ಟು ಕೊಟ್ಟದ್ದು ಇದಕ್ಕೆ?" ಅಂದ್ರು. ಅರ್ಧ ರೇಟು ಹೇಳಿದೆ, ಅದಕ್ಕೂ ನಗಾಡಿದ್ರು.

ಮರುದಿನವೂ ಹಿಡಿ ಹಿಂಡಿದ್ರೆ ಉಪ್ಪು ನೀರು ಇಳೀತಾ ಇತ್ತು. ಒಳ್ಳೆ ಇವಿಎ ನೀರು ಕುಡಿಯುದೇ ಇಲ್ಲ, ಅದರ ಗುಳ್ಳೆಗಳೆಲ್ಲ ಮುಚ್ಚಿರ್ತವೆ. ಬ್ಲೇಡಲ್ಲಿ ಸೀಳಿದೆ. ತೂತು ಬ್ಲಾಂಕಿಗಿಂತ ಎಷ್ಟೋ ದೊಡ್ಡದು, ಸಂದಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಸುತ್ತಿ ತುಂಬಿಸಿದ್ದಾನೆ, ಟೇಪೆಲ್ಲ ನೆನೆದು ಮುದ್ದೆ, ಎಪಾಕ್ಸಿ ಅಂಟು ಎರಡು ತುದಿಯಲ್ಲಿ ಮಾತ್ರ. ಫೋಮ್ ತೂತು ಬ್ಲಾಂಕಿಗಿಂತ ಚೂರು ಚಿಕ್ಕದಿದ್ದು, ಉದ್ದಕ್ಕೂ ಎಪಾಕ್ಸಿ ಹಚ್ಚಿ ಬಿಗಿಯಾಗಿ ನೂಕಿ ಕೂರಿಸ್ಬೇಕು, ಇದು ಇವನಿಗೆ ಗೊತ್ತಿಲ್ವಾ? ಗೊತ್ತುಂಟು.

ಫೋಟೋ ಕಳಿಸಿದೆ. "ಸಮುದ್ರಕ್ಕೆ ಅಂತ ನೀವು ಹೇಳೇ ಇಲ್ಲ ಸರ್." ಅವನದ್ದೇ ಚಾಟಿನ ಸ್ಕ್ರೀನ್‌ಶಾಟ್ ಹಾಕಿದೆ. "ಕಟ್ ಮಾಡಿದ್ರೆ ವಾರಂಟಿ ಹೋಯ್ತು ಸರ್." ಕಟ್ ಮಾಡದೆ ಒಳಗೆ ಎಂತ ಉಂಟು ಅಂತ ನೋಡುದು ಹೇಗೆ ಮಾರಾಯ? "ಎಲ್ಲರಿಗೂ ಇದೇ ಹಾಕೋದು, ನಿಮ್ಮೊಬ್ಬರದ್ದೇ ಕಂಪ್ಲೇಂಟ್." ಮತ್ತೆ ಡಿಪಿ ಕಾಣ್ತಾ ಇಲ್ಲ, ಬ್ಲಾಕ್.

ಮಾಡಿಸುದಾದ್ರೆ ಫೋಮಿನ ತುಂಡು ಮೊದಲು ತರಿಸಿ, ಒಂದು ರಾತ್ರಿ ಉಪ್ಪು ನೀರಲ್ಲಿ ಮುಳುಗಿಸಿಟ್ಟು ಹಿಂಡಿ ನೋಡಿ. ಅಂಟಿಸುವ ಮೊದಲು ಬ್ಲಾಂಕಿಗೆ ತೂರಿಸಿದ ವಿಡಿಯೋ ಕೇಳಿ, ಕೊಡ್ಲಿಕ್ಕೆ ಸತಾಯಿಸಿದ್ರೆ ಅಲ್ಲಿಗೇ ಬಿಡಿ. "ಸಾಫ್ಟ್ ಫೀಲ್" ಅಂದವನ ನಂಬರ್ ಡಿಲೀಟ್ ಮಾಡಿ.

ಉಡುಪಿ, ಮಂಗಳೂರು ಕಡೆ ಹಳೇ ಎಪಾಕ್ಸಿ ಬ್ಲಾಂಕಿಗೆ ಗೀರು ಬೀಳದ ಹಾಗೆ ತೆಗೆದು ಕೊಡುವವರು ಯಾರಾದ್ರು ಇದ್ರೆ ಹೇಳಿ. ರೀಲ್ ಸೀಟೂ ಅಲ್ಲಾಡ್ಲಿಕ್ಕೆ ಶುರುವಾಗಿದೆ.