ಫೈಲು ತೆರೆಯುವುದರಲ್ಲಿ ನೂರಕ್ಕೆ ನೂರು, ವಿಡಿಯೊ ಮಾಡುವುದರಲ್ಲಿ ಮೂವತ್ತೈದು: ಎಫ್‌ಎಫ್‌ಡೆಕ್ ದೀರ್ಘ ಬಳಕೆಯ ನಂತರ

ಒಂದೇ ಒಂದು ಪಿಎನ್‌ಜಿ ಚಿತ್ರ. ಎರಡು ನಿಮಿಷ ಓಡುವ ಫ್ಲ್ಯಾಶ್ ಅನಿಮೇಶನ್ ಕೊಟ್ಟು ‘ಫ್ರೇಮ್ಸ್’ ಎಕ್ಸ್‌ಪೋರ್ಟ್ ಒತ್ತಿದರೆ ಎಫ್‌ಎಫ್‌ಡೆಕ್ ಕೆಲವು ಸಲ ಕೈಗಿಡುವುದು ಇಷ್ಟೇ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಕೆಲಸ ಮುಗಿಯಿತು ಎಂಬ ಗತ್ತು ಬೇರೆ. ಫ್ಲ್ಯಾಶ್ ಫೈಲನ್ನು ಬಿಚ್ಚಿ ಒಳಗಿರುವುದನ್ನು ಹೊರತೆಗೆಯುವ, ಜೆಪೆಕ್ಸ್ ಫ್ರೀ ಫ್ಲ್ಯಾಶ್ ಡಿಕಂಪೈಲರ್ ಎಂಬ ಈ ಉಚಿತ ತಂತ್ರಾಂಶವನ್ನು ಹೊಗಳುವವರು ಬಹಳ. ಆದರೆ ಹಳೆಯ ಎಸ್‌ಡಬ್ಲ್ಯುಎಫ್ (ಫ್ಲ್ಯಾಶ್) ಫೈಲನ್ನು ವಿಡಿಯೊ ಮಾಡಬೇಕೆಂದು ಬಂದವರಿಗೆ ಮೊದಲು ತಗಲುವ ಏಟು ಇದೇ.

ಕಾರಣ ಫೈಲಿನ ರಚನೆಯಲ್ಲಿದೆ. ಅನೇಕ ಕಲಾವಿದರು ಮುಖ್ಯ ಟೈಮ್‌ಲೈನಿನಲ್ಲಿ ಒಂದೇ ಫ್ರೇಮ್ ಇಟ್ಟು, ಇಡೀ ಅನಿಮೇಶನ್ನನ್ನು ಒಂದು ಮೂವಿಕ್ಲಿಪ್ (ತನ್ನದೇ ಟೈಮ್‌ಲೈನ್ ಇರುವ ಒಳಗಿನ ತುಣುಕು) ಒಳಗೆ ತುಂಬುತ್ತಿದ್ದರು. ಫ್ಲ್ಯಾಶ್ ಪ್ಲೇಯರ್‌ಗೆ ಅದರಿಂದ ತೊಂದರೆಯಿಲ್ಲ. ಮುಖ್ಯ ಟೈಮ್‌ಲೈನ್ ನಿಂತಿದ್ದರೂ ಒಳಗಿನ ಕ್ಲಿಪ್ ತನ್ನ ಪಾಡಿಗೆ ಓಡುತ್ತದೆ. ಎಫ್‌ಎಫ್‌ಡೆಕ್‌ನ ಮಾಮೂಲಿ ಎಕ್ಸ್‌ಪೋರ್ಟ್ ಮಾತ್ರ ಮುಖ್ಯ ಟೈಮ್‌ಲೈನಿನಲ್ಲಿ ಎಷ್ಟು ಫ್ರೇಮ್ ಇದೆಯೋ ಅಷ್ಟನ್ನೇ ಕೊಡುತ್ತದೆ. ಪರಿಹಾರ ‘ಸ್ಪ್ರೈಟ್ಸ್’ ಫೋಲ್ಡರಿನಲ್ಲಿ ಸಿಗುತ್ತದೆ (ಮೂವಿಕ್ಲಿಪ್‌ಗೆ ಇಲ್ಲಿನ ಹೆಸರು ಸ್ಪ್ರೈಟ್): ಅತಿ ಹೆಚ್ಚು ಫ್ರೇಮ್ ಇರುವ ಸ್ಪ್ರೈಟ್ ಹುಡುಕಿ ಅದನ್ನೇ ಎಕ್ಸ್‌ಪೋರ್ಟ್ ಮಾಡಬೇಕು. ಇದಕ್ಕೂ ಒಂದು ಕೊಕ್ಕೆ ಇದೆ. ಸ್ಪ್ರೈಟ್‌ನ ಚಿತ್ರ ಸ್ಟೇಜ್‌ನ, ಅಂದರೆ ನೋಡುಗರಿಗೆ ಕಾಣುವ ಪರದೆಯ, ಅಳತೆಯಲ್ಲಿ ಬರುವುದಿಲ್ಲ, ಸ್ಪ್ರೈಟ್‌ನ ಸ್ವಂತ ಅಳತೆಯಲ್ಲಿ ಬರುತ್ತದೆ. ಪರದೆಯ ಆಚೆ ಕಾಯುತ್ತ ನಿಂತ ಮೋಡ, ಬಸ್ಸು, ಪಾತ್ರಗಳೆಲ್ಲ ಚಿತ್ರದೊಳಗೆ ನುಗ್ಗಿರುತ್ತವೆ. ಆಮೇಲೆ ಕತ್ತರಿಸುವ ಕೆಲಸ ನಿಮ್ಮದು.

ಫ್ಲ್ಯಾಶ್‌ನ ಪ್ರೋಗ್ರಾಮಿಂಗ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್‌ನಿಂದಲೇ ಚಲಿಸುವ ಫೈಲಾದರೆ ಈ ದಾರಿಯೂ ಬಂದ್. ಎಕ್ಸ್‌ಪೋರ್ಟ್ ಮಾಡುವಾಗ ಎಫ್‌ಎಫ್‌ಡೆಕ್ ಸ್ಕ್ರಿಪ್ಟನ್ನು ಓಡಿಸುವುದಿಲ್ಲ. ಕೋಡಿನಲ್ಲಿ ಬೀಳುವ ಹಿಮ, ಗಡಿಯಾರದ ಮುಳ್ಳು, ಮೌಸ್ ಹಿಂದೆ ತಿರುಗುವ ಕಣ್ಣು ಎಲ್ಲವೂ ನಿಂತಲ್ಲೇ ನಿಂತಿರುತ್ತವೆ. ಅಂಥವಕ್ಕೆ ರಫಲ್ ಬೇಕು. ರಸ್ಟ್ ಭಾಷೆಯಲ್ಲಿ ಬರೆದ, ಫ್ಲ್ಯಾಶ್ ಪ್ಲೇಯರಿನ ಬದಲು ಕೆಲಸ ಮಾಡುವ ಈ ಎಮ್ಯುಲೇಟರ್ ಸ್ಕ್ರಿಪ್ಟನ್ನು ನಿಜವಾಗಿ ಓಡಿಸುತ್ತದೆ. ಅದರ ಸೋರ್ಸ್ ಕೋಡಿನ ಜೊತೆಗಿರುವ ಎಕ್ಸ್‌ಪೋರ್ಟರ್ ಅನ್ನು ರಸ್ಟ್‌ನ ಕಾರ್ಗೋ ಸಾಧನ ಬಳಸಿ ಕಟ್ಟಿಕೊಂಡರೆ, ಓಡುತ್ತಿರುವ ಅನಿಮೇಶನ್ನಿನ ಫ್ರೇಮುಗಳನ್ನೇ ಪಿಎನ್‌ಜಿ ಆಗಿ ಪಡೆಯಬಹುದು. ‘ಪ್ಲೇ’ ಬಟನ್‌ಗಾಗಿ ಕಾದು ಕೂತ ಟೈಮ್‌ಲೈನನ್ನು ಬಲವಂತವಾಗಿ ಮುಂದೆ ತಳ್ಳುವ ಆಯ್ಕೆಯೂ ಇದೆ. ಅಷ್ಟು ಪಾಡು ಬೇಡ ಅನ್ನುವವರು ರಫಲ್ ಡೆಸ್ಕ್‌ಟಾಪಿನಲ್ಲಿ ಓಡಿಸಿ, ಪರದೆ ಹಿಡಿಯುವ ಉಚಿತ ತಂತ್ರಾಂಶ ಒಬಿಎಸ್‌ನಲ್ಲಿ ರೆಕಾರ್ಡ್ ಮಾಡಿದರೆ ದನಿಯೂ ಜೊತೆಗೇ ಬಂತು. ಆಕ್ಷನ್‌ಸ್ಕ್ರಿಪ್ಟ್ 1 ಮತ್ತು 2ರ ಫೈಲುಗಳು ರಫಲ್‌ನಲ್ಲಿ ಸಲೀಸು. 3ರಲ್ಲಿ ಬರೆದವು ಅಲ್ಲಲ್ಲಿ ಎಡವುತ್ತವೆ.

ಇಷ್ಟೆಲ್ಲ ಬೈದ ಮೇಲೂ ಎಫ್‌ಎಫ್‌ಡೆಕ್ ಅನ್‌ಇನ್‌ಸ್ಟಾಲ್ ಮಾಡುವ ಮಾತೇ ಇಲ್ಲ. ಯಾವ ಫೈಲು ಬಂದರೂ ಮೊದಲು ಇಲ್ಲೇ ತೆರೆಯಬೇಕು, ಎಡಗಡೆಯ ಫೋಲ್ಡರ್ ಮರದಲ್ಲಿ ‘ಹೆಡರ್’ ಒತ್ತಬೇಕು. ಸ್ಟೇಜ್ ಅಳತೆ, ಫ್ರೇಮ್ ರೇಟ್, ಒಟ್ಟು ಫ್ರೇಮುಗಳು, ಆವೃತ್ತಿ ಎಲ್ಲವೂ ಒಂದೇ ನೋಟಕ್ಕೆ. 550×400, ಸೆಕೆಂಡಿಗೆ 12 ಫ್ರೇಮ್ ಎಂದು ಕಂಡರೆ ಫ್ಲ್ಯಾಶ್‌ನ ಹಳೆಯ ಡೀಫಾಲ್ಟನ್ನು ಯಾರೂ ಮುಟ್ಟಿಲ್ಲ ಎಂದರ್ಥ. ಒಟ್ಟು ಫ್ರೇಮ್ 1 ಎಂದಿದ್ದರೆ ಮೇಲಿನ ತಲೆನೋವಿಗೆ ಆಗಲೇ ಸಿದ್ಧರಾಗಬಹುದು. ನಂತರ ‘ಸೌಂಡ್ಸ್’, ನಂತರ ‘ಸ್ಕ್ರಿಪ್ಟ್ಸ್’. ಬೀಗ ತೆಗೆಯುವ ಮುಂಚೆ ಕಿಟಕಿಯಲ್ಲಿ ಇಣುಕಿದ ಹಾಗೆ. ಯಾವ ದಾರಿ ಹಿಡಿಯಬೇಕೆಂಬುದು ಎರಡೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಫೈಲೇ ತೆರೆಯದಿದ್ದರೆ, ಫೈಲಿನ ಬೈಟುಗಳನ್ನು ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಮೊದಲ ಮೂರ್ನಾಲ್ಕು ಅಕ್ಷರ ನೋಡಿ. ಎಫ್‌ಡಬ್ಲ್ಯುಎಸ್ ಇದ್ದರೆ ಕುಗ್ಗಿಸದ ಫೈಲು, ಸಿಡಬ್ಲ್ಯುಎಸ್ ಇದ್ದರೆ ಝಡ್‌ಲಿಬ್‌ನಲ್ಲಿ ಕುಗ್ಗಿಸಿದ್ದು, ಝಡ್‌ಡಬ್ಲ್ಯುಎಸ್ ಇದ್ದರೆ ಎಲ್‌ಝಡ್‌ಎಂಎ ವಿಧಾನದಲ್ಲಿ ಕುಗ್ಗಿಸಿದ್ದು. ಆರ್‌ಐಎಫ್‌ಎಕ್ಸ್ ಅಥವಾ ಎಕ್ಸ್‌ಎಫ್‌ಐಆರ್ ಕಂಡರೆ ಅದು ಫ್ಲ್ಯಾಶ್ ಅಲ್ಲವೇ ಅಲ್ಲ, ಡೈರೆಕ್ಟರ್ ಎಂಬ ಬೇರೆಯೇ ತಂತ್ರಾಂಶದಲ್ಲಿ ಮಾಡಿದ ಶಾಕ್‌ವೇವ್. ಎಫ್‌ಎಫ್‌ಡೆಕ್, ರಫಲ್ ಎರಡರಿಂದಲೂ ಅದಕ್ಕೆ ಪ್ರಯೋಜನವಿಲ್ಲ.

ಫ್ರೇಮುಗಳು ಸಿಕ್ಕ ಮೇಲೆ, ಆಜ್ಞೆ ಟೈಪಿಸಿ ಬಳಸುವ ವಿಡಿಯೊ ಸಾಧನ ಎಫ್‌ಎಫ್‌ಎಂಪೆಗ್‌ನಲ್ಲಿ ಜೋಡಿಸುವಾಗ ಆಜ್ಞೆಯಲ್ಲಿ ಫ್ರೇಮ್ ರೇಟನ್ನು ಇನ್‌ಪುಟ್‌ಗಿಂತ ಮುಂಚೆ ಬರೆಯಬೇಕು. ಬರೆಯದಿದ್ದರೆ ಅದು 25 ಎಂದುಕೊಂಡು, 12ರ ಅನಿಮೇಶನ್ನನ್ನು ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡಿಸುತ್ತದೆ. ರೇಖೆಗಳೆಲ್ಲ ವೆಕ್ಟರ್ ಆದ್ದರಿಂದ ಎಕ್ಸ್‌ಪೋರ್ಟ್‌ನಲ್ಲೇ ಝೂಮ್ ಹೆಚ್ಚಿಸಿಕೊಳ್ಳುವುದು ಜಾಣತನ. ಆದರೆ 550×400ರ ಫೈಲಿಗೆ ಎತ್ತರ 1080 ಬರಲಿ ಎಂದು 270 ಶೇಕಡಾ ಕೊಟ್ಟರೆ ಅಗಲ 1485 ಆಗಿ, ಬೆಸ ಸಂಖ್ಯೆ ಎಂದು ಎಕ್ಸ್264 ಎಂಬ ವಿಡಿಯೊ ಎನ್‌ಕೋಡರ್ ಮಾಮೂಲಿ 4:2:0 ಬಣ್ಣದ ಮಾದರಿಯಲ್ಲಿ ಮುಖ ತಿರುಗಿಸುತ್ತದೆ. 260 ಕೊಟ್ಟರೆ 1430×1040, ತಕರಾರಿಲ್ಲ. ಒಳಗೆ ಫೋಟೊಗಳಿದ್ದರೆ ಅವು ಮಾತ್ರ ಮಬ್ಬಾಗಿಯೇ ಉಳಿಯುತ್ತವೆ.

ದನಿಯ ಲೆಕ್ಕ ಹೀಗೆ. ಸೆಕೆಂಡಿಗೆ 12ರಂತೆ 1440 ಫ್ರೇಮ್ ಅಂದರೆ 120 ಸೆಕೆಂಡ್. ‘ಸೌಂಡ್ಸ್’ನಿಂದ ತೆಗೆದ ಎಂಪಿ3 118 ಸೆಕೆಂಡ್ ಇದ್ದರೆ ಅದು ತಡವಾಗಿ ಶುರುವಾಗಿರಬಹುದು. ಟ್ಯಾಗ್ ಪಟ್ಟಿಯಲ್ಲಿ ಮೊದಲ ಸೌಂಡ್‌ಸ್ಟ್ರೀಮ್‌ಬ್ಲಾಕ್ (ದನಿಯ ತುಣುಕು ಇರುವ ಟ್ಯಾಗ್) ಯಾವ ಫ್ರೇಮಿನಲ್ಲಿದೆ ನೋಡಿ. 25ನೆಯದರಲ್ಲಿದ್ದರೆ 24 ಭಾಗಿಸು 12, ದನಿಯನ್ನು ಎರಡು ಸೆಕೆಂಡ್ ತಡವಾಗಿ ಶುರು ಮಾಡಿ. ಬಾಗಿಲು ಬಡಿದ ಸದ್ದು, ಕ್ಲಿಕ್ ಸದ್ದುಗಳಂಥ ಇವೆಂಟ್ ಸೌಂಡ್‌ಗಳನ್ನು ಒಂದೊಂದಾಗಿ ಕೈಯಿಂದಲೇ ಕೂರಿಸಬೇಕು. ಬೇಸರದ ಕೆಲಸ, ಅಡ್ಡದಾರಿ ಇಲ್ಲ. ಜಿಐಎಫ್ ಮಾಡುವವರಿಗೆ ಒಂದು ಮಾತು: ಅದರಲ್ಲಿ ಸಮಯದ ಅಳತೆ ಸೆಕೆಂಡಿನ ನೂರನೇ ಭಾಗದಲ್ಲಿ ಇರುವುದರಿಂದ ಸರಿಯಾಗಿ 12 ಕೂರುವುದೇ ಇಲ್ಲ. ಪ್ರತಿ ಫ್ರೇಮಿಗೆ 8 ಕೊಟ್ಟರೆ ಸೆಕೆಂಡಿಗೆ 12.5 ಫ್ರೇಮ್ ಆಗುತ್ತದೆ, ಅಷ್ಟಕ್ಕೆ ತೃಪ್ತಿಪಡಬೇಕು.

ಕನ್ನಡದ ಫೈಲುಗಳಲ್ಲಿ ಎಫ್‌ಎಫ್‌ಡೆಕ್ ಎದ್ದು ಕಾಣುತ್ತದೆ. ನುಡಿ, ಬರಹದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟುಗಳಲ್ಲಿ ಟೈಪಿಸಿದ ಪಠ್ಯ ‘ಟೆಕ್ಸ್ಟ್ಸ್’ ಫೋಲ್ಡರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹಾಳಾಗಿದೆ ಎಂದುಕೊಳ್ಳಬೇಡಿ, ಅದನ್ನು ಹಾಗೇ ಕಾಪಿ ಮಾಡಿ ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಕ್ಕೆ ಹಾಕಿದರೆ ಕನ್ನಡ ಎದ್ದು ಬರುತ್ತದೆ. ಫಾಂಟ್ ಫೈಲಿನೊಳಗೇ ಇದ್ದರೆ ಪರದೆಯ ಮೇಲೆ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಇಲ್ಲದಿದ್ದರೆ ಆ ಫಾಂಟನ್ನೇ ಕಂಪ್ಯೂಟರಿಗೆ ಹಾಕಿ, ಬ್ರೌಸರ್ ಇಲ್ಲದೆ ತಾನೇ ಓಡುವ ಫ್ಲ್ಯಾಶ್ ಪ್ಲೇಯರ್ 32ರ ಪ್ರೊಜೆಕ್ಟರಿನಲ್ಲಿ ನೋಡುವುದು ಒಳ್ಳೆಯದು. 2021ರ ಜನವರಿ 12ರಿಂದ ನಿಂತದ್ದು ಬ್ರೌಸರಿನ ಪ್ಲಗಿನ್. ಪ್ರೊಜೆಕ್ಟರ್ ಈಗಲೂ ಓಡುತ್ತದೆ. ಕಲಾವಿದರು ಅಕ್ಷರಗಳನ್ನು ಒಡೆದು ಆಕಾರ ಮಾಡಿಟ್ಟಿದ್ದರೆ ಅವು ‘ಶೇಪ್ಸ್’ನಲ್ಲಿರುತ್ತವೆ. ಅಲ್ಲಿಂದ ಪಠ್ಯ ಸಿಗದು, ಆದರೆ ಚೊಕ್ಕ ಎಸ್‌ವಿಜಿ (ವೆಕ್ಟರ್ ಚಿತ್ರ) ಸಿಗುತ್ತದೆ.

ಬೆಲೆ ಸೊನ್ನೆ, ಜಾವಾ ಇದ್ದರಾಯಿತು. ದುಡ್ಡು ಕೇಳುವ ‘ಒಂದೇ ಕ್ಲಿಕ್’ ಕನ್ವರ್ಟರುಗಳು ಬಹುಪಾಲು ಮಾಡುವುದು ಅನಿಮೇಶನ್ ಓಡಿಸಿ ಪರದೆ ಹಿಡಿಯುವ ಕೆಲಸವನ್ನೇ. ಅದಕ್ಕೆ ಒಬಿಎಸ್ ಸಾಕು, ದುಡ್ಡು ಕೊಡಬೇಡಿ. ಎಫ್‌ಎಲ್‌ವಿ (ಫ್ಲ್ಯಾಶ್ ವಿಡಿಯೊ ಫೈಲು) ಇದ್ದರಂತೂ ಎಫ್‌ಎಫ್‌ಡೆಕ್ ಕೂಡ ಬೇಡ, ಒಳಗೆ ಎಚ್.264 ವಿಡಿಯೊ ಮತ್ತು ಎಎಸಿ ದನಿ ಇದ್ದರೆ ಎಫ್‌ಎಫ್‌ಎಂಪೆಗ್ ಮರು-ಎನ್‌ಕೋಡ್ ಮಾಡದೆಯೇ ಎಂಪಿ4ಗೆ ಸಾಗಿಸುತ್ತದೆ. ಸೊರೆನ್ಸನ್ ಅಥವಾ ವಿಪಿ6 ಎಂಬ ಹಳೆಯ ಬಗೆಯ ವಿಡಿಯೊ ಇದ್ದರೆ ಮಾತ್ರ ಎನ್‌ಕೋಡ್ ಮಾಡಬೇಕು.

ಬಟನ್ ಒತ್ತಿ ಆಡುವ ಪಾಠ, ಆಟ, ರಸಪ್ರಶ್ನೆಗಳನ್ನು ವಿಡಿಯೊ ಮಾಡುವ ಹಟ ಬಿಡಿ. ಎಸ್‌ಡಬ್ಲ್ಯುಎಫ್ ಹಾಗೇ ಇಟ್ಟು, ಪುಟಕ್ಕೆ ರಫಲ್‌ನ ಸ್ಕ್ರಿಪ್ಟ್ ಸೇರಿಸಿದರೆ ಮೊಬೈಲಿನಲ್ಲೂ ಓಡುತ್ತದೆ. ಲೋಡ್ ಆಗದಿದ್ದರೆ ಸರ್ವರ್ ರಫಲ್‌ನ ವ್ಯಾಸ್ಮ್ (ವೆಬ್‌ಅಸೆಂಬ್ಲಿ) ಫೈಲನ್ನು ಸರಿಯಾದ ಮೈಮ್ ಟೈಪಿನಲ್ಲಿ (ಫೈಲು ಯಾವ ಬಗೆಯದೆಂದು ಬ್ರೌಸರಿಗೆ ಹೇಳುವ ಗುರುತು) ಕೊಡುತ್ತಿದೆಯೇ ಎಂದು ನೋಡಿ. ಆಮೇಲೆ ಆ ಎಸ್‌ಡಬ್ಲ್ಯುಎಫ್ ಹೊರಗಿನಿಂದ ಕರೆಯುವ ಎಕ್ಸ್‌ಎಂಎಲ್, ಎಂಪಿ3 ಫೈಲುಗಳು ಹಳೆಯ ಫೋಲ್ಡರ್ ಹೆಸರಿನಲ್ಲೇ ಪಕ್ಕದಲ್ಲಿ ಇವೆಯೇ ಎಂದು.